ತಡವಾಗಿ ಬಾರಿಸುತ್ತಿದ್ದ ಮಾಸ್ತರರು

ಮೊದಲೇ ಹೇಳಿಬಿಡುತ್ತೇನೆ. ಜಾಝ್ ಪಿಯಾನೊ ಬಾರಿಸುತ್ತಿದ್ದ ಒಬ್ಬ ದೊಡ್ಡ ಮನುಷ್ಯನನ್ನು ಬಾಗಲಕೋಟೆಯಿಂದ ಇಳಕಲ್ಲಿನವರೆಗೆ ನಗೆಪಾಟಲು ಮಾಡಿದವನು ನಾನೇ. ಬೇರೆಯವರ ಬಾಯಿಂದ ಕೇಳಿದರೆ ಅರ್ಧ ತಪ್ಪನ್ನು ಮೊಬೈಲಿನ ಮೇಲೆ ಹಾಕುತ್ತಾರೆ, ಇನ್ನರ್ಧವನ್ನು ಜನರ ಮೇಲೆ. ಮೊಬೈಲು ನನ್ನದು. ಜನರನ್ನು ನಗಿಸಿ ರೂಢಿ ಮಾಡಿಸಿದವನೂ ನಾನೇ. ಪಾಲು ಹಂಚಲು ಬೇರೆ ಯಾರೂ ಉಳಿಯುವುದಿಲ್ಲ.

ನಾನು ಮಿಮಿಕ್ರಿ ಮಾಡುವವನು. ಊರು ಹುನಗುಂದ. ಅಪ್ಪ ತಾಲೂಕು ಕಚೇರಿಯಲ್ಲಿ ಗುಮಾಸ್ತರು. ಅವರು ಸಾಹೇಬರ ಮುಂದೆ ನಿಲ್ಲುವ ರೀತಿಯೇ ನಾನು ಮಾಡಿದ ಮೊದಲ ಐಟಂ. ಶಾಲೆಯಲ್ಲಿ ಹೆಡ್‌ಮಾಸ್ತರರ ಕೆಮ್ಮು ಕೆಮ್ಮಿ ಇಡೀ ವರ್ಗವನ್ನು ಎದ್ದು ನಿಲ್ಲಿಸಿದ್ದೇನೆ. ಐಹೊಳೆಯ ಗೈಡುಗಳ ಇಂಗ್ಲಿಷು, ರಾಮಥಾಳದ ಕಡೆ ಹನಿ ನೀರಾವರಿಯ ಭಾಷಣ ಮಾಡಲು ಬಂದ ಬೆಂಗಳೂರು ಸಾಹೇಬರ ‘ನೋಡಿ, ಏನಾಗುತ್ತೆ ಅಂದರೆ’, ದವಾಖಾನೆಯ ಕಂಪೌಂಡರನ ಮೂಗುದನಿ, ಎಲ್ಲವೂ ನನ್ನ ಹತ್ತಿರ ಸ್ಟಾಕು. ದೇವರು ನನ್ನ ಮುಖವನ್ನು ಮಾಡುವಾಗ ಏನನ್ನೂ ಬರೆಯದೆ ಬಿಟ್ಟಿದ್ದಾನೆ. ಯಾರ ಮುಖ ಅಂಟಿಸಿದರೂ ಕೂತುಬಿಡುತ್ತದೆ. ಅವ್ವ ಹೇಳುತ್ತಾಳೆ: “ಹೆಣ್ಣ ನೋಡಾಕ ಹೋದ್ರ ಅವ್ರಪ್ಪನಂಗ ಮಾತಾಡಿ ಬರ್ತಿ. ಯಾರ ಕೊಡ್ತಾರ ನಿನಗ?” ಖರೆ. ಒಮ್ಮೆ ಹಾಗೆ ಆಗಿದೆ. ಹುಡುಗಿ ನಕ್ಕಳು, ಅವಳಪ್ಪ ನಗಲಿಲ್ಲ.

ಬಿ.ಎ. ಮುಗಿಸಿ, ಮುಂದೇನು ಎಂದು ಯಾರೂ ಕೇಳುವ ಮೊದಲೇ ಬಾಗಲಕೋಟೆಯ ಒಂದು ಆರ್ಕೆಸ್ಟ್ರಾದಲ್ಲಿ ನಿರೂಪಕನಾಗಿ ಸೇರಿಕೊಂಡೆ. ಮದುವೆ, ಬಸುರಿಯರ ಕುಪ್ಪಸ, ಮನೆ ಒಕ್ಕಲು, ರಿಟೈರಾದವರ ಸನ್ಮಾನ, ಎಲ್ಲಿಗೆ ಕರೆದರೂ ಹೋಗುತ್ತಿದ್ದೆವು. ಹಾಡುಗಳ ನಡುವೆ ಮೈಕು ಹಿಡಿದು ಜನರನ್ನು ನಗಿಸುವುದು ನನ್ನ ಕೆಲಸ. ಬಾದಾಮಿ ಹತ್ತಿರದ ಒಂದು ಮದುವೆಗೆ ಹೊರಟ ಟೆಂಪೊದಲ್ಲಿ ಮೊದಲ ಸಲ ಮಾಸ್ತರರನ್ನು ನೋಡಿದೆ. ಅರವತ್ತರ ಹತ್ತಿರದ ಸಣಕಲು ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ. ತೊಡೆಯ ಮೇಲೆ ಕೀಬೋರ್ಡು. ಅದಕ್ಕೆ ಚೀಲ ಇರಲಿಲ್ಲ. ಸವೆದು ಮೆತ್ತಗಾದ ಒಂದು ಇಳಕಲ್ ಸೀರೆ ಸುತ್ತಿದ್ದರು. ನಮ್ಮ ಪ್ಯಾಡ್ ಬಾರಿಸುವ ಹುಡುಗ ಪರಿಚಯ ಮಾಡಿಸಿದ:

“ಇವ್ರು ಹೊಸಾ ಕೀಬೋರ್ಡ್ ಮಾಸ್ತರ್ರು ಲೇ. ಮುಂಬೈದಾಗ ದೊಡ್ಡ ಹೋಟೆಲ್ದಾಗ ಪಿಯಾನೊ ಬಾರಿಸ್ಯಾರ.”

ನಾನು ಸುಮ್ಮನಿರಬೇಕಲ್ಲ? “ಹಂಗಾದ್ರ ಚಲೋ ಆತ್ರಿ ಸರ್. ಊಟದ ವಾಸನಿ ಕುಡಕೋತ ಬಾರಿಸೂದು ನಿಮಗ ರೂಢಿ ಐತಿ.”

ಅವರು ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ ಹೇಳಿದರು: “ಅಲ್ಲಿ ಊಟ ಮಾಡೋರ ಮುಂದ ಬಾರಿಸ್ತಿದ್ದೆ ತಮ್ಮಾ. ಇಲ್ಲಿ ಊಟಕ್ಕ ಓಡೋರ ಬೆನ್ನಿಗೆ ಬಾರಿಸ್ತೇನಿ.”

ಟೆಂಪೊದಲ್ಲಿದ್ದವರೆಲ್ಲ ನಕ್ಕರು, ನನ್ನ ಜೋಕಿಗಲ್ಲ. ಅವತ್ತೇ ನಾನು ಅವರನ್ನು ನೋಡಲು ಶುರು ಮಾಡಿದೆ. ಮಿಮಿಕ್ರಿಯವನು ನೋಡುವುದೆಂದರೆ ಕದಿಯುವುದು ಎಂದು ತಿಳಿಯಿರಿ.

ಅವರು ಇಳಕಲ್ಲಿನ ನೇಕಾರರ ಮನೆಯವರು. ಮೀಸೆ ಮೂಡುವ ವಯಸ್ಸಿನಲ್ಲಿ ಸೋದರಮಾವನ ಹಿಂದೆ ಸೀರೆ ಗಂಟು ಹೊತ್ತು ಮುಂಬೈಗೆ ಹೋದರು. ಸೀರೆ ಮಾರುತ್ತಿದ್ದ ಓಣಿಯಲ್ಲಿ ಗೋವಾದ ಒಬ್ಬ ಮುದುಕರ ಮನೆ, ಮನೆಯಲ್ಲಿ ಪಿಯಾನೊ. ಗಂಟು ಬಾಗಿಲಲ್ಲಿ ಇಳಿಸಿ ಕೇಳುತ್ತ ನಿಂತ ಹುಡುಗನನ್ನು ಮುದುಕರು ಒಳಗೆ ಕರೆದರು. ಆಮೇಲೆ ಮಾವ ಒಬ್ಬನೇ ಸೀರೆ ಮಾರಿದ. ಹೋಟೆಲಿನ ಲಾಂಜಿನಲ್ಲಿ ಎಷ್ಟೋ ವರ್ಷ ಬಾರಿಸಿದರು, ಸ್ವಂತ ಹಾಡು ಕಟ್ಟಿದರು, ಶ್ರೀಮಂತರ ಮಕ್ಕಳಿಗೆ ಕಲಿಸಿದರು. ಒಂದು ದಿನ ಹೋಟೆಲಿನವರು ಪಿಯಾನೊ ಎತ್ತಿ, ಗೋಡೆಯೊಳಗೆ ಸ್ಪೀಕರು ಹುದುಗಿಸಿದರು. ಬಾರಿಸಲು ಬೇರೆ ಜಾಗ ಹುಡುಕಿ ಸಾಕಾಗಿ ಹೆಂಡತಿಯನ್ನು ಕರೆದುಕೊಂಡು ಈ ಕಡೆ ಬಂದರು. ಇಷ್ಟನ್ನು ಅವರು ಒಮ್ಮೆಲೇ ಹೇಳಲಿಲ್ಲ. ಟೆಂಪೊ ಪಂಕ್ಚರಾದಾಗ ಒಂದು ತುಂಡು, ಬೀಗರ ಜಗಳ ಮುಗಿಯಲಿ ಎಂದು ಕಾಯುವಾಗ ಒಂದು ತುಂಡು. ‘ಅಯ್ಯೋ’ ಎನ್ನುವ ಜಾಗದಲ್ಲಿ ಅವರು ಅಡಿಕೆ ಹೋಳು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಜಾಝ್ ಅಂದರೇನು ಎಂದು ಕೇಳಿದೆ.

“ನಿಮ್ಮವ್ವ ದಿನಾ ಅದ ಸಾರು ಮಾಡ್ತಾಳ. ಆದ್ರ ದಿನಾ ಬ್ಯಾರೆ ರುಚಿ ಇರ್ತೈತಿ. ಹಂಗ.”

“ನಮ್ಮವ್ವಂದು ದಿನಾ ಅದ ರುಚಿ ಇರ್ತೈತ್ರಿ ಸರ್.”

“ಹಂಗಾದ್ರ ನಿಮ್ಮವ್ವ ಶಾಸ್ತ್ರೀಯ.”

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಒಂದು ಮೊಬೈಲ್ ಅಂಗಡಿಯ ಮೇಲೆ ಕೋಣೆ ಹಿಡಿದು ಕೀಬೋರ್ಡ್ ಕ್ಲಾಸು ನಡೆಸುತ್ತಿದ್ದರು. ಅಲ್ಲಿಗೂ ಹೋಗತೊಡಗಿದೆ. ಕಲಿಯಲು ಎಂದು ಹೇಳಿದ್ದೆ. ಅವರ ಕಲಿಸುವ ರೀತಿ ವಿಚಿತ್ರವಾಗಿತ್ತು. ಹೊಸಬರಿಗೆ ಕೀ ಮುಟ್ಟಲು ಬಿಡುತ್ತಿರಲಿಲ್ಲ. ಬಾಯಿಂದ ಮಾಡಿ ತೋರಿಸಬೇಕು: ಕೆಳಗಿನ ಅಂಗಡಿಯ ಶಟರು, ಪಕ್ಕದ ಮನೆಯ ಕುಕ್ಕರು, ಕಾಲೇಜು ಬಿಟ್ಟಾಗಿನ ಗಾಡಿಗಳು. ಎಂಜಿನಿಯರಿಂಗ್ ಹುಡುಗರು ನಾಚಿಕೊಂಡು ಕುಂಯ್ ಅನ್ನುತ್ತಿದ್ದರು. ನನಗೆ ಹಬ್ಬ. ಕುಕ್ಕರಿನ ಮೂರನೆಯ ಸೀಟಿಗೂ ನಾಲ್ಕನೆಯ ಸೀಟಿಗೂ ಇರುವ ವ್ಯತ್ಯಾಸ ಮಾಡಿ ತೋರಿಸಿದಾಗ ಮಾಸ್ತರರು ಕುರ್ಚಿಯಿಂದ ಎದ್ದು ನನ್ನ ಬೆನ್ನು ತಟ್ಟಿದರು. ಬೆನ್ನು ತಟ್ಟಿಸಿಕೊಂಡವನು ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು.

ಅವರ ಮುಖ್ಯ ಪಾಠ ಒಂದೇ: ತಡವಾಗಿ ಬಾರಿಸು. ತಾಳ ಬಂದ ಕೂಡಲೇ ಬೀಳಬೇಡ, ಕೂದಲೆಳೆಯಷ್ಟು ಹಿಂದೆ ಬಾ. “ಬಸ್ಸು ನಿಂತಾಗ ಎಲ್ಲಾರೂ ಹತ್ತತಾರ. ಅದು ಸ್ವಲ್ಪ ಮುಂದ ಹೋಗ್ಲಿ, ಆಮ್ಯಾಲ ಹತ್ತು. ಆದ್ರ ಹತ್ತೂದಂತೂ ಹತ್ತಬೇಕು, ಬೀಳಬಾರ್ದು.” ಹುಡುಗ ಬಾರಿಸುವಾಗ ಪಕ್ಕದಲ್ಲಿ ನಿಂತು, ಕಣ್ಣು ಅರ್ಧ ಮುಚ್ಚಿ, ಒಂದು ಹೆಗಲು ಇಳಿಬಿಟ್ಟು, ಬೆರಳು ಎತ್ತಿ ಹೇಳುತ್ತಿದ್ದರು: “ಇರು... ಇರು... ಹಾಂ, ಈಗ!” ಆ ‘ಈಗ’ ಬಂದಾಗ ಅವರ ಮುಖದಲ್ಲಿ ಏನೋ ಹೊತ್ತಿಕೊಳ್ಳುತ್ತಿತ್ತು. ನಾನು ಹೆಗಲು, ಕಣ್ಣು, ಬೆರಳು ಎಲ್ಲ ತೆಗೆದುಕೊಂಡೆ. ಹೊತ್ತಿಕೊಳ್ಳುವುದು ಮಾತ್ರ ನನ್ನ ಮುಖದಲ್ಲಿ ಬರಲಿಲ್ಲ. ಜನಕ್ಕೆ ಅದು ಬೇಕಾಗಿಯೂ ಇರಲಿಲ್ಲ.

ಪಾಲಕರಿಗೆ ಈ ತಡ ಸೇರುತ್ತಿರಲಿಲ್ಲ. ಮಗಳು ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಸಿನಿಮಾ ಹಾಡು ಬಾರಿಸಬೇಕು ಎಂದು ಸೇರಿಸಿದವರು ಬಂದು, “ಯಾಕ್ರಿ ಸರ್, ನಮ್ಮ ಹುಡುಗಿ ಹಿಂದ ಬೀಳಾಕತ್ತೈತಿ?” ಎನ್ನುತ್ತಿದ್ದರು. ಮಾಸ್ತರರು, “ಹಿಂದ ಬಿದ್ದಿಲ್ರಿ, ಹಿಂದ ಕುಂತೈತಿ,” ಎಂದರೆ, ಮರುದಿನದಿಂದ ಹುಡುಗಿ ಬೇರೆ ಕ್ಲಾಸಿಗೆ.

ಅವರು ಅದೇ ಸುಮಾರಿಗೆ ಒಂದು ಹೊಸ ಹಾಡು ಕಟ್ಟುತ್ತಿದ್ದರು. ಶಬ್ದಗಳಿಲ್ಲದ ಹಾಡು, ಕೀಬೋರ್ಡು ಒಂದೇ. ಅದರಲ್ಲಿ ನನ್ನದೂ ಒಂದು ಚೂರು ಇದೆ, ಈಗ ಹೇಳಿಕೊಳ್ಳಲು ನಾಚಿಕೆ. ಒಮ್ಮೆ ಹುನಗುಂದ ಬಸ್‌ಸ್ಟ್ಯಾಂಡಿನ ಕಂಡಕ್ಟರುಗಳನ್ನು ಮಾಡಿ ತೋರಿಸಿದ್ದೆ. “ಇಳಕಲ್ ಇಳಕಲ್ ಇಳಕಲ್ಲ್...” ಎಂದು ಕೊನೆಯಲ್ಲಿ ದನಿ ಇಳಿಸುತ್ತಾರಲ್ಲ, ಅದು. ಮಾಸ್ತರರು ತಟ್ಟನೆ ಕೈ ಎತ್ತಿದರು.

“ಮತ್ತೊಮ್ಮೆ ಒದರು.”

ಒದರಿದೆ.

“ಕಡೀಕ ಇಳೀತೈತಲ್ಲ, ಅಲ್ಲೇ ಐತಿ ನೋಡು. ಮತ್ತೊಮ್ಮೆ.”

ಗಂಟಲು ಕಟ್ಟುವವರೆಗೆ ಒದರಿಸಿದರು. ಕೆಳಗಿನ ಅಂಗಡಿಯವನು ಮೇಲೆ ಬಂದು, ಇಳಕಲ್ ಬಸ್ಸು ಇಲ್ಲಿಂದ ಬಿಡಲು ಶುರುವಾಯಿತೇನು ಎಂದು ಕೇಳಿದ. ಆ ಇಳಿತದಿಂದ ಅವರು ಹಾಡು ಬೆಳೆಸಿದರು. ಬಸ್ಸುಗಳೆಲ್ಲ ಹೊರಟ ಮೇಲೆ ಸ್ಟ್ಯಾಂಡಿನಲ್ಲಿ ಉಳಿಯುವುದೇನು, ಅದು ಆ ಹಾಡು. ಹೆಸರು ‘ಖಾಲಿ ಸ್ಟ್ಯಾಂಡ್’. ಅದನ್ನು ಕೇಳಿದ ಮಧ್ಯಾಹ್ನ ನಾನು ಯಾರನ್ನೂ ಅಣಕಿಸದೆ ಮನೆಗೆ ಹೋದೆ. ಅವ್ವ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದಳು.

ಇನ್ನು ಮೊದಲೇ ಹೇಳಿದ ಮೊಬೈಲಿನ ರೀಲು. ಒಂದು ಮದುವೆಯಲ್ಲಿ ವರನ ಕಡೆಯವರು ಬರುವುದು ತಡವಾಗಿ, ಆರ್ಕೆಸ್ಟ್ರಾದ ಹುಡುಗರು ಬೇಸತ್ತು ಕೂತಿದ್ದಾಗ ಮಾಸ್ತರರ ಐಟಂ ಮಾಡಿದೆ. ಪ್ಯಾಡಿನವನು ನನ್ನ ಮೊಬೈಲಿನಲ್ಲೇ ತೆಗೆದ. ಹಾಕಿದೆ. ಮರುದಿನ ಚಹಾದಂಗಡಿಯವನು ಕಪ್ಪು ಕೊಡುವ ಮೊದಲು, “ಇರು... ಇರು... ಹಾಂ, ಈಗ!” ಎಂದ. ಜಿಲ್ಲೆಗೆ ಜಿಲ್ಲೆಯೇ ಹೇಳತೊಡಗಿತು. ಬಸ್ಸಿನ ಕ್ಲೀನರುಗಳು ಹೇಳಿದರು, ಕ್ರಿಕೆಟ್ ಆಡುವ ಹುಡುಗರು ಹೇಳಿದರು. ಮಾಸ್ತರರಿಗೆ ನಾನೇ ತೋರಿಸಿದೆ, ಬೈಗುಳ ತಿನ್ನಲು ತಯಾರಾಗಿ. ಅವರು ಕನ್ನಡಕ ಏರಿಸಿ ನೋಡಿ ನಕ್ಕರು.

“ಹೆಗಲು ಇನ್ನೂ ಸ್ವಲ್ಪ ಇಳೀಬೇಕೋ. ಉಳದದ್ದು ಬರೋಬರಿ ಐತಿ.”

ಇದನ್ನು ನಾನು ಲೈಸೆನ್ಸು ಎಂದುಕೊಂಡೆ. ಅವತ್ತಿನಿಂದ ಪ್ರತಿ ಕಾರ್ಯಕ್ರಮದಲ್ಲೂ ಆ ಐಟಂ. ಕೆಲವೊಮ್ಮೆ ಅವರು ಹಿಂದೆ ಕೀಬೋರ್ಡಿಗೆ ಕೂತಿದ್ದಾಗಲೇ.

ವಿದ್ಯಾಗಿರಿಯ ಆಚೆ ಒಂದು ಹೊಸ ಖಾಸಗಿ ಶಾಲೆ ಎದ್ದಿತ್ತು. ಅದರ ಮುಂದಿನ ಹಾಲಿನಲ್ಲಿ ಒಂದು ಖರೆ ಪಿಯಾನೊ ಇದೆ ಎಂದು ಮಾಸ್ತರರಿಗೆ ಯಾರೋ ಹೇಳಿದರು. ಸಂಸ್ಥೆಯ ಅಧ್ಯಕ್ಷರು ಅಂದಕ್ಕೆಂದು ತರಿಸಿಟ್ಟದ್ದು. ಮಾಸ್ತರರು ನನ್ನನ್ನು ಕರೆದುಕೊಂಡು ಹೋದರು. ಪಿಯಾನೊದ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ, ಕುಂಡದ ಕೆಳಗೆ ಕ್ರೋಶಾದ ಬಟ್ಟೆ. ಕುಂಡ ಇಳಿಸಿ ಮುಚ್ಚಳ ತೆಗೆದು ಒಂದು ಕೀ ಒತ್ತಿದರು. ದನಿ ಹೊರಟು, ತೆಳ್ಳಗಾಗಿ, ಪೂರ್ತಿ ಸಾಯುವವರೆಗೆ ಬೆರಳು ತೆಗೆಯಲಿಲ್ಲ. ಶಾಲೆಯ ಸಿಪಾಯಿ, ಕೆಟ್ಟಿತೇನೋ ಎಂದು ಓಡಿ ಬಂದ.

“ಕೀಬೋರ್ಡಿಗೆ ಭಾರ ಇರೂದಿಲ್ಲೋ,” ಎಂದರು ನನಗೆ. “ಇದು ಕೈಗೆ ತಿರುಗಿ ಒತ್ತತೈತಿ. ಎಷ್ಟ ವರ್ಷ ಆಗಿತ್ತು, ಯಾರೂ ತಿರುಗಿ ಒತ್ತಿರಲಿಲ್ಲ ನನಗ.”

ಅಧ್ಯಕ್ಷರು ಒಳಗೆ ಕರೆಸಿ ಚಹಾ ಕೊಟ್ಟರು. ಶಾಲೆಗೆ ಸಂಗೀತ ವಿಭಾಗ ಮಾಡುವ ವಿಚಾರ ಅವರಿಗೂ ಇತ್ತು. “ಇಳಕಲ್ದಾಗ ನಿಮ್ಮ ಸಮಾಜದವ್ರು ಸನ್ಮಾನ ಇಟ್ಟಾರಂತಲ್ಲ ಮಾಸ್ತರ್ರ? ನಾನೂ ಬರ್ತೇನಿ, ನಮ್ಮ ಕಮಿಟಿಯವ್ರೂ ಬರ್ತಾರ. ಅಲ್ಲಿ ನಿಮ್ಮ ಸ್ವಂತದ್ದೇನರ ಬಾರಿಸ್ರಿ. ಕಮಿಟಿಗೆ ಚಲೋ ಅನ್ನಿಸ್ತಂದ್ರ ಜೂನದಿಂದ ನೀವ ನಮ್ಮ ಸಂಗೀತ ಮಾಸ್ತರ್ರು. ಪಿಯಾನೊ ರಿಪೇರಿ ಮಾಡಿಸಿ ನಿಮ್ಮ ಕೈಯಾಗ ಕೊಡ್ತೇವಿ.”

ಗೇಟಿನ ಹೊರಗೆ ಬಂದ ಮೇಲೆ ಮಾಸ್ತರರು, “ಮೊದಲ ಆ ಹೂವಿನ ಕುಂಡ ತಗಸಬೇಕು,” ಎಂದರು. ಇನ್ನು ಮದುವೆಗಳಲ್ಲಿ ಬಾರಿಸುವುದಿಲ್ಲ ಎಂದರು. ಯಾವ ಮಕ್ಕಳಿಗೆ ಮೊದಲು ಏನು ಕಲಿಸುವುದು ಎಂದು ಹೇಳುತ್ತಲೇ ಬಸ್ಸು ಹತ್ತಿದರು. ಬಸ್ಸು ನಿಂತಿದ್ದಾಗಲೇ ಹತ್ತಿದರು, ಎಲ್ಲರಿಗಿಂತ ಮುಂಚೆ. ಅಷ್ಟು ಅವಸರ ನಾನು ಅವರಲ್ಲಿ ನೋಡಿರಲಿಲ್ಲ.

ಅವರಿಗೆ ಏನು ಬೇಕಾಗಿದೆ ಎಂದು ಈ ಊರುಗಳಲ್ಲಿ ನನ್ನಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಆದರೂ ನಾನು ಏನು ಮಾಡಿದೆ ನೋಡಿ. ಅದು ಮದುವೆಗಳ ಹಂಗಾಮು. ಐಟಂ ಹಳತಾಗುತ್ತಿತ್ತು. ‘ಇರು ಇರು’ ಎಂದರೆ ಮೊದಲಿನ ನಗು ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ಬಾದಾಮಿಯ ಕಲ್ಯಾಣ ಮಂಟಪದಲ್ಲಿ, ತಡವಾಗಿ ಕೀ ಒತ್ತುವ ಮೊದಲು ಎಡಗೈಯಲ್ಲಿ ಗ್ಲಾಸು ಎತ್ತಿ ಕುಡಿದಂತೆ ಮಾಡಿದೆ. ಮಂಟಪ ಬಿದ್ದು ಬಿದ್ದು ನಕ್ಕಿತು. ಹೋಹೋ, ಅದಕ್ಕೇ ಮಾಸ್ತರ ತಾಳ ಹಿಂದೆ ಬೀಳುವುದು! ಅಷ್ಟು ದಿನ ಅವರ ತಡಕ್ಕೆ ಕಾರಣ ಹುಡುಕುತ್ತಿದ್ದ ಜನಕ್ಕೆ ನಾನು ಕಾರಣ ಕೊಟ್ಟುಬಿಟ್ಟೆ. ಮಾಸ್ತರರು ಹೆಂಡ ಮುಟ್ಟಿದವರಲ್ಲ. ಲಾಂಜಿನಲ್ಲಿ ಗಿರಾಕಿಗಳು ಕಳಿಸಿದ ಗ್ಲಾಸುಗಳನ್ನೂ ಹಾಗೇ ತಿರುಗಿ ಕಳಿಸುತ್ತಿದ್ದರೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮುಂದಿನ ಮದುವೆಯಲ್ಲಿ ಎರಡು ಸಲ ಕುಡಿದೆ. ಅದರ ಮುಂದಿನದರಲ್ಲಿ ತೂರಾಡಿದೆ. ಇದ್ಯಾವುದಕ್ಕೂ ಮಾಸ್ತರರು ಇರಲಿಲ್ಲ. ಇಳಕಲ್ಲಿನ ಸನ್ಮಾನಕ್ಕೆಂದು ಹಾಡು ತಿದ್ದುತ್ತ ಕೋಣೆಯಲ್ಲಿ ಕೂತಿದ್ದರು. ಆದರೆ ಜನರ ಕೈಯಲ್ಲಿ ಮೊಬೈಲುಗಳು ಇದ್ದವು.

ಇಳಕಲ್ಲಿನ ಕಾರ್ಯಕ್ರಮ ಸಮಾಜದ ಸಮುದಾಯ ಭವನದಲ್ಲಿ, ಸಂಜೆ. ನಿರೂಪಣೆಗೆ ನಾನೇ ಬೇಕೆಂದು ಮಾಸ್ತರರು ಕೇಳಿಕೊಂಡಿದ್ದರು. ಅವರ ಷರತ್ತು ಒಂದೇ: ಹಾಡು ನಡೆದಿದ್ದಾಗ ಆಯೇರಿ ಬೇಡ. ಆಯೇರಿ ಎಂದರೆ ಉಡುಗೊರೆ, ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ವೇದಿಕೆಯ ಮೇಲೆ ಏನೇ ನಡೆದಿರಲಿ, ನಾಟಕದಲ್ಲಿ ನಾಯಕ ಸಾಯುತ್ತಿರಲಿ, ಯಾರಾದರೂ ಶಾಲು, ಹಾರ, ಬಟ್ಟೆ ಹಿಡಿದು ಮೆಟ್ಟಿಲು ಹತ್ತಿದರೆಂದರೆ ಎಲ್ಲ ನಿಲ್ಲಬೇಕು. ಕೊಡುವವರ ಹೆಸರನ್ನು ಮೈಕಿನಲ್ಲಿ ಕೂಗಬೇಕು. ವೇದಿಕೆ ಹತ್ತಿ ಬಂದ ಆಯೇರಿಯನ್ನು ಒಲ್ಲೆ ಎನ್ನುವಂತಿಲ್ಲ, ಅದು ಮನೆತನಕ್ಕೇ ಅವಮಾನ. ಮಾಸ್ತರರು ಟೆಂಪೊದಲ್ಲಿ ನನ್ನ ಕೈ ಹಿಡಿದು ಹೇಳಿದ್ದರು: “ಎಲ್ಲಾ ಮೊದಲ ಮುಗಿಸಿಬಿಡು. ನಾ ಶುರು ಮಾಡಿದ ಮ್ಯಾಲ ಯಾರನ್ನೂ ಹತ್ತಗೊಡಬ್ಯಾಡ. ಒಂದ್ ಹಾಡು, ಒಂದ್ಸಲ, ಪೂರ್ತಿ. ಅಷ್ಟ.” ನಾನು, “ನನ್ನ ಹೆಣಾ ದಾಟಿ ಹತ್ತಬೇಕ್ರಿ ಸರ್,” ಎಂದೆ, ಯಾವುದೋ ಪೈಲ್ವಾನನ ದನಿಯಲ್ಲಿ.

ಹೇಳಿದಂತೆಯೇ ಶಾಲು, ಹಾರ, ಫಲಕ, ಭಾಷಣ ಎಲ್ಲ ಮೊದಲೇ ಮುಗಿಸಿದೆ. ಅಧ್ಯಕ್ಷರು ಮತ್ತು ಕಮಿಟಿಯವರು ಮುಂದಿನ ಸಾಲಿನಲ್ಲಿದ್ದರು. ಮಾಸ್ತರರ ಹೆಂಡತಿ ಹೆಂಗಸರ ಕಡೆ ಮೊದಲ ಕುರ್ಚಿಯಲ್ಲಿ, ಹೊಸ ಇಳಕಲ್ ಸೀರೆಯಲ್ಲಿ. ನಾನು ಜೋಕಿಲ್ಲದೆ, ಶುದ್ಧ ಪುಸ್ತಕದ ಭಾಷೆಯಲ್ಲಿ ಹಾಡಿನ ಹೆಸರು ಹೇಳಿ ಪಕ್ಕಕ್ಕೆ ಸರಿದೆ. ಮಾಸ್ತರರು ಕಣ್ಣು ಅರ್ಧ ಮುಚ್ಚಿದರು. ಹೆಗಲು ಇಳಿಯಿತು. ಎಡಗೈ ತಾಳ ಹಿಡಿಯಿತು, ಬಲಗೈಯ ಮೊದಲ ಸ್ವರ ಬರಬೇಕಾದಲ್ಲಿ ಬರಲಿಲ್ಲ. ಕೂದಲೆಳೆಯಷ್ಟು ಹಿಂದೆ ಬಂತು.

ಹಿಂದಿನ ಸಾಲುಗಳಲ್ಲಿ ಯಾರೋ ಕಿಸಕ್ಕೆಂದರು.

ಅಲ್ಲಿದ್ದ ಹುಡುಗರು ನನಗೆ ಗೊತ್ತು. ಅವರನ್ನು ಎಷ್ಟೋ ಮದುವೆಗಳಲ್ಲಿ ನಾನೇ ನಗಿಸಿದ್ದೇನೆ. ಅವರು ದುಷ್ಟರಲ್ಲ. ಅವರಿಗೆ ಕಂಡದ್ದು ನನ್ನ ಐಟಂ, ಅಷ್ಟೇ. ಆ ಹೆಗಲನ್ನು ಮೊದಲು ನನ್ನ ಮೈಮೇಲೆ ನೋಡಿದ್ದರು. ಇವತ್ತು ಸ್ವತಃ ಮಾಸ್ತರರೇ ಅದನ್ನು ಮಾಡಿ ತೋರಿಸುತ್ತಿದ್ದಾರೆ, ನನ್ನಷ್ಟು ಚೆನ್ನಾಗಿಲ್ಲ. ಕಂಡಕ್ಟರಿನ ಕೂಗು ಇಳಿಯುವ ಜಾಗಕ್ಕೆ ಹಾಡು ಬಂದಾಗ ಅವರಲ್ಲೊಬ್ಬ ಎದ್ದು ವೇದಿಕೆಗೆ ಬಂದ. ಕೈಯಲ್ಲಿ ತಾಟು, ತಾಟಿನಲ್ಲಿ ಎಲೆ ಅಡಿಕೆ, ನಡುವೆ ಊಟದ ಮನೆಯಿಂದ ತಂದ ಒಂದು ಸ್ಟೀಲಿನ ಗ್ಲಾಸು, ತುಂಬ ನೀರು. ಗ್ಲಾಸಿಗೆ ಹೂವಿನ ಹಾರ.

“ಆಯೇರಿ ಐತಿ, ಒದರೋ,” ಎಂದ ನನಗೆ, ಹಲ್ಲು ಕಿರಿದು. ಗ್ಲಾಸನ್ನು ಕೀಬೋರ್ಡಿನ ಅಂಚಿನ ಮೇಲೆ ಇಟ್ಟ.

ಇಡೀ ಸಭೆ ನನ್ನ ಕಡೆ ನೋಡಿತು. ಮೈಕು ನನ್ನ ಕೈಯಲ್ಲಿ. ನಾನು ಹೇಳಬೇಕೆಂದಿದ್ದು ಸರಳ ಮಾತು: ಈಗ ಬೇಡ, ಸ್ವಲ್ಪ ತಡೆಯಿರಿ, ಹಾಡು ಮುಗಿಯಲಿ. ಬಾಯಿ ತೆರೆದೆ. ಎಷ್ಟೋ ವೇದಿಕೆಗಳಲ್ಲಿ, ಎಷ್ಟೋ ಸಲ, ಆ ಹೆಗಲು ಕಣ್ಣ ಮುಂದೆ ಬಂದ ಕೂಡಲೇ ಬಾಯಿ ತಾನಾಗಿ ಹೇಳುತ್ತಿದ್ದುದನ್ನೇ ಹೇಳಿತು. ಅವರ ದನಿಯಲ್ಲಿ, ಅವರ ಎಳೆತದಲ್ಲಿ:

“ಇರು... ಇರು...”

“ಹಾಂ, ಈಗ!” ಎಂದಿತು ಸಭೆ ಒಂದೇ ಬಾಯಲ್ಲಿ. ಸಿಳ್ಳೆ, ಚಪ್ಪಾಳೆ. ಕಮಿಟಿಯ ಒಬ್ಬರು ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಮಾಸ್ತರರು ನಿಲ್ಲಿಸಿದರು. ಗ್ಲಾಸನ್ನು ಎತ್ತಿ, ನೀರು ತುಳುಕದಂತೆ ಕೆಳಗಿಟ್ಟರು. ಮತ್ತೆ ಶುರು ಮಾಡಿದರು. ತಡವಾದ ಸ್ವರ ಬಂದಲ್ಲೆಲ್ಲ ಹಿಂದಿನಿಂದ ‘ಈಗ!’ ಬಂತು. ಮತ್ತೆ ನಿಲ್ಲಿಸಿದರು. ಮೂರನೆಯ ಸಲ ಶುರು ಮಾಡಿದಾಗ ಹೆಗಲು ನೆಟ್ಟಗಿತ್ತು, ಕಣ್ಣು ತೆರೆದಿತ್ತು. ತಾಳ ಬಿದ್ದಲ್ಲೇ ಸ್ವರ ಬಿತ್ತು. ಒಂದು ಕೂಡ ತಡವಿಲ್ಲ. ಗಡಿಯಾರ. ಕೂಗುವುದಕ್ಕೆ ಜಾಗ ಸಿಗದೆ ಹುಡುಗರು ಸುಮ್ಮನಾದರು, ಆಮೇಲೆ ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟಿದರು, ಭಜನೆಗೆ ತಟ್ಟುವ ಹಾಗೆ. ಹಾಡು ಪೂರ್ತಿ ಮುಗಿಯಿತು. ಅವರು ಕೇಳಿದ್ದು ಅಷ್ಟೇ ಅಲ್ಲವೇ, ಒಂದು ಹಾಡು, ಒಂದು ಸಲ, ಪೂರ್ತಿ. ಆದರೆ ಮೊಬೈಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಾನು ಕೇಳಿದ ಹಾಡು ಇದಾಗಿರಲಿಲ್ಲ. ಇದನ್ನು ನಮ್ಮ ಆರ್ಕೆಸ್ಟ್ರಾದ ಯಾವ ಹುಡುಗನೂ ಬಾರಿಸಬಹುದಿತ್ತು.

ಅಧ್ಯಕ್ಷರೂ ಅದನ್ನೇ ಹೇಳಿದರು. ಊಟದ ಹೊತ್ತಿನಲ್ಲಿ ನನ್ನನ್ನು ಬದಿಗೆ ಕರೆದು, “ಚಲೋ ಬಾರಿಸ್ತಾರ, ಇಲ್ಲಂತಲ್ಲ. ಆದ್ರ ಎಲ್ಲಾರೂ ಬಾರಿಸಿದಂಗ ಬಾರಿಸ್ತಾರಲ್ಲೋ? ಮತ್ತ, ಕುಡೀತಾರಂತಲ್ಲ?”

“ಇಲ್ರಿ ಸರ್. ಮುಟ್ಟೂದ ಇಲ್ಲ. ಅದು ನಾ ಸೇರಿಸಿದ್ರಿ.”

“ನೀ ಶಿಷ್ಯ ಇದ್ದಿ, ಹಂಗ ಹೇಳಬೇಕು,” ಎಂದು ಬೆನ್ನು ತಟ್ಟಿದರು. “ಏನೂ ಇಲ್ದ ಜನ ಯಾಕ ಅಂತಾರ? ಮಕ್ಕಳ ಸಾಲಿ ಐತ್ರಪಾ ನಮ್ಮದು. ಇರ್ಲಿ, ನೀ ಭಾಳ ಚಲೋ ನಗಸ್ತಿ. ನಮ್ಮ ಗ್ಯಾದರಿಂಗಿಗೆ ಬಾ. ಆ ಇರು ಇರು ಮಾಡಬೇಕ ಮತ್ತ.”

ನಾನು ಹೋಗಲಿಲ್ಲ ಎಂದು ಬರೆದರೆ ಈ ಬರಹಕ್ಕೆ ಎಷ್ಟು ಚೆಂದ. ಹೋದೆ. ಮಾಡಿದೆ. ಗ್ಲಾಸು ಬಿಟ್ಟು ಮಾಡಿದೆ, ಅದನ್ನು ದೊಡ್ಡ ಪ್ರಾಯಶ್ಚಿತ್ತ ಎಂದುಕೊಂಡು. ಮಕ್ಕಳೇ ಕೆಳಗಿನಿಂದ, “ಗ್ಲಾಸು! ಗ್ಲಾಸು!” ಎಂದು ಒದರಿದರು. ಕಾರ್ಯಕ್ರಮ ಮುಗಿಸಿ ಮುಂದಿನ ಹಾಲಿನಿಂದ ಹೊರಬರುವಾಗ ಪಿಯಾನೊದ ಮೇಲೆ ಈಗ ಎರಡು ಕುಂಡಗಳಿದ್ದವು.

ಮಾಸ್ತರರು ಆರ್ಕೆಸ್ಟ್ರಾ ಬಿಟ್ಟರು. ಪಾಲಕರು ಕ್ಲಾಸಿನಿಂದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಬಿಡಿಸಿದರು. ‘ಕುಡಿಯುವ’ ಮಾಸ್ತರರ ಹತ್ತಿರ ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಾರೆ? ಆ ಕೋಣೆಯಲ್ಲಿ ಈಗ ಸ್ಪೋಕನ್ ಇಂಗ್ಲಿಷ್ ಕಲಿಸುತ್ತಾರೆ. ಮಾಸ್ತರರು ಇಳಕಲ್ಲಿಗೆ ಹೋಗಿ, ಬಳಗದವರೊಬ್ಬರ ಸೀರೆ ಅಂಗಡಿಯಲ್ಲಿ ಕೂತಿದ್ದಾರೆಂದು ಕೇಳಿದೆ. ಗಿರಾಕಿಗಳು ಬಿಚ್ಚಿ ನೋಡಿದ ಸೀರೆಗಳನ್ನು ಮಡಚಿ ಇಡುವ ಕೆಲಸ. ಫೋನು ಮಾಡಿದರೆ ಎತ್ತಲಿಲ್ಲ. ನಾನು ರೀಲನ್ನು ತೆಗೆದು ಹಾಕಿದೆ. ಅಷ್ಟರಲ್ಲಿ ಅದು ನೂರು ಕಡೆ ಬೇರೆಯವರ ಹತ್ತಿರ ಇತ್ತು. ಬೇರೆ ಹುಡುಗರು ನನ್ನಂತೆಯೇ ಮಾಸ್ತರರನ್ನು ಮಾಡುವ ರೀಲುಗಳೂ ಬಂದವು. ಅವರು ಮಾಸ್ತರರನ್ನು ನೋಡಿದವರೇ ಅಲ್ಲ. ಎಲ್ಲರೂ ಕುಡಿಯುತ್ತಿದ್ದರು.

ಕಡೆಗೆ ಒಂದು ಭಾನುವಾರ ಮುಂಜಾನೆ ಅಮೀನಗಡದಲ್ಲಿ ಇಳಿದು ಕರದಂಟು ಕಟ್ಟಿಸಿಕೊಂಡು ಇಳಕಲ್ಲಿಗೆ ಹೋದೆ. ಕ್ಷಮೆ ಕೇಳಲು ಕರದಂಟು ಒಯ್ಯುವ ಬುದ್ಧಿ ನನ್ನಂಥವನಿಗೇ ಹೊಳೆಯುವುದು. ಮಾಸ್ತರರ ಹೆಂಡತಿ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನನ್ನನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

“ಅಮ್ಮಾರ, ಸರ್ ಅದಾರೇನ್ರಿ?”

“ಒಳಗ ಅದಾರ.”

“ಒಂದ್ಸಲ ಭೆಟ್ಟಿ ಆಗಬೇಕಿತ್ರಿ.”

“ಹೊರಗ ಬರೂದಿಲ್ಲ.”

“ನಾ ಬಂದೇನಿ ಅಂತ ಹೇಳ್ರಿ.”

“ನೀ ಬಂದಿ ಅಂತ ಗೊತ್ತಾಗೇ ಒಳಗ ಹೋಗ್ಯಾರ.”

ಕರದಂಟಿನ ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟೆ. ಅವರು ಅದನ್ನು ಮೊಣಕೈಯಿಂದ ನನ್ನ ಕಡೆಗೇ ಸರಿಸಿದರು. ಪಕ್ಕದ ಮನೆಯ ಪವರ್‌ಲೂಮಿನ ಸದ್ದು ಬಿಟ್ಟರೆ ಒಳಗಿನಿಂದ ಏನೂ ಕೇಳುತ್ತಿರಲಿಲ್ಲ.

“ಬಾರಿಸ್ತಾರೇನ್ರಿ ಈಗ?”

“ಅದನ್ನ ಕಟ್ಟಿ ಅಟ್ಟದ ಮ್ಯಾಲ ಇಟ್ಟಾರ.” ಜೋಳದಲ್ಲಿನ ಹರಳೊಂದನ್ನು ಆರಿಸಿ ಎಸೆದು ಕೇಳಿದರು: “ಅವ್ರು ಕುಡದದ್ದು ನೀ ಯಾವಾಗ ನೋಡಿದ್ದಿ?”

“ನೋಡಿಲ್ರಿ.”

“ಲಗ್ನ ಆದಾಗಿಂದ ನಾನೂ ನೋಡಿಲ್ಲ. ನೀ ಮಾಡಿ ತೋರಿಸಿದ್ ಮ್ಯಾಲ ನಮ್ಮ ತವರಮನಿಯವ್ರು ಫೋನ್ ಹಚ್ಚಿ ಕೇಳಿದ್ರು, ‘ಇಷ್ಟ ವರ್ಷ ಹೆಂಗ ತಡಕೊಂಡಿ ಯವ್ವಾ’ ಅಂತ. ನಾ ಏನ್ ಹೇಳಲಿ ಅವರಿಗೆ? ಹೇಳು, ನಿನಗ ಎಲ್ಲಾರ ಮಾತೂ ಬರ್ತಾವಲ್ಲ, ನನ್ನ ಮಾತು ಏನಂತ ಹೇಳು.”

ತಲೆ ಕೆಳಗೆ ಹಾಕಿ ನಿಂತೆ. ಆ ನಿಲುವು ಕೂಡ ಸಾಹೇಬರ ಮುಂದಿನ ನಮ್ಮಪ್ಪನದು ಎಂದು ನಡುವೆಯೇ ಹೊಳೆದು, ಕಾಲು ಬದಲಿಸಿದೆ. ಮಾಸ್ತರರು ಬೈದರೆ ಬೈಯಲಿ, ಎರಡು ಹೊಡೆದರೂ ಆಗಲಿ, ಹೀಗೆ ಬಾಗಿಲಲ್ಲಿ ನಿಲ್ಲುವುದು ಮುಗಿಯಬೇಕಿತ್ತು.

“ಅಮ್ಮಾರ, ಹೆಚ್ಚಿಂದೇನೂ ಕೇಳೂದಿಲ್ರಿ ನಾ. ಮತ್ತ ಕಲಸ್ರಿ ಅನ್ನೂದಿಲ್ಲ, ಮಾರಿ ತೋರಸ್ರಿ ಅನ್ನೂದಿಲ್ಲ. ಒಳಗಿಂದನ ಸರ್ ಒಂದ್ ಮಾತು, ‘ಆತು, ಬಿಡೋ’ ಅಂದ್ರ ಸಾಕ್ರಿ. ಕೇಳಿ ಹೋಗಿಬಿಡ್ತೇನಿ.”

ಅವರು ಮೊರವನ್ನು ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಮೊದಲ ಸಲ ನನ್ನ ಮುಖವನ್ನು ಪೂರ್ತಿ ನೋಡಿದರು.

“ಅದಕ್ಕ ಅವ್ರ್ಯಾಕ ಬೇಕೋ ತಮ್ಮಾ? ಅವ್ರ ದನಿ ನಿನ್ನ ಕಡೇನ ಐತಲ್ಲ. ನೀನ ಅನ್ನು, ನೀನ ಕೇಳ್ಕೋ.”